ಕಲಾವತಮ್ಮ ಬಿಟ್ಟುಕೊಟ್ಟ ಅಂಕ

ಗೆರೆ ತುಳಿದರೆ ಹೆತ್ತಪ್ಪನನ್ನೂ ಔಟ್ ಮಾಡುವವನು ಅಂತ ಕಬಡ್ಡಿ ರೆಫರಿಯಾದ ನನಗೆ ಹೆಸರಿದೆ. ಅಂಥ ನನ್ನ ವಿಸಿಲ್ ಕೇಳಿ ಇಡೀ ಅಬ್ಬಿಗೆರೆ ಹೊಟ್ಟೆ ಹಿಡಿದು ನಗುವಂತೆ ಮಾಡಿದವರು ಕಲಾವತಮ್ಮ.

ವಯಸ್ಸು ನಲವತ್ತಾರು. ಗಾರ್ಮೆಂಟ್ಸ್‌ನಲ್ಲಿ ಚೆಕ್ಕಿಂಗ್ ಕೆಲಸ. ಒಂದು ಹೊಲಿಗೆ ತಪ್ಪಿದ್ದರೂ ಬಟ್ಟೆ ವಾಪಸ್. ಭಾನುವಾರ ಬಂತೆಂದರೆ ಸೀರೆ ಬಿಟ್ಟು ಟ್ರ್ಯಾಕ್ ಪ್ಯಾಂಟ್ ತೊಟ್ಟು, ಹತ್ತು ಹೆಂಗಸರನ್ನು ಕಟ್ಟಿಕೊಂಡು ಮೈದಾನಕ್ಕೆ ಇಳಿಯುತ್ತಾರೆ. ಹದಿನಾಲ್ಕು ವರ್ಷ ಆಡಿದರೂ ಒಂದು ಕಪ್ ಗೆದ್ದಿರಲಿಲ್ಲ. ಮನೆಯಲ್ಲಿ ಟಿವಿ ಪಕ್ಕ ಅದಕ್ಕೊಂದು ಜಾಗ ಮಾತ್ರ ಖಾಲಿ ಬಿಟ್ಟಿದ್ದರು.

ನಮ್ಮ ಮೈದಾನದಲ್ಲಿ ಕಕ್ಕಸು ಇರಲಿಲ್ಲ. ಗಂಡಸರಿಗೆ ಗೋಡೆ ಸಾಕಾಗಿತ್ತು. ಹೆಂಗಸರು ಆಟದ ದಿನ ನೀರೇ ಕುಡಿಯುತ್ತಿರಲಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಅವರ ತಂಡದ ಜೋಯಾ ಅಂಕಣದಲ್ಲೇ ತಲೆ ತಿರುಗಿ ಬಿದ್ದಳು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು.

"ನೀರು ಯಾಕಮ್ಮ ಕುಡೀಲಿಲ್ಲ?" ಅಂತ ನಾನು ಗದರಿದೆ.

ಉತ್ತರ ಕೊಟ್ಟವರು ಕಲಾವತಮ್ಮ. "ಕುಡಿದ್ರೆ ಆಮೇಲೆ ಎಲ್ಲಿಗ್ ಹೋಗ್ಬೇಕು ಸಾರ್?"

ಹನ್ನೊಂದು ವರ್ಷ ಅದೇ ಮೈದಾನದಲ್ಲಿ ವಿಸಿಲ್ ಊದಿದ್ದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ತುಂಬಾ ನಾಚಿಕೆಯಾಯಿತು.

ಕಕ್ಕಸು ಕಟ್ಟಿಸಿ ಎಂದು ಕಲಾವತಮ್ಮ ಕೊಟ್ಟ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಫೈನಲ್ ದಿನ ಅವರ ತಂಡ 'ಮೈದಾನಕ್ಕೆ ಕಕ್ಕಸು ಬೇಕು' ಎಂದು ಟೀ ಶರ್ಟಿನ ಬೆನ್ನ ಮೇಲೆ ಬರೆಸಿಕೊಂಡು ಬಂತು. ಟೂರ್ನಿ ನಡೆಸುತ್ತಿದ್ದ ನಮ್ಮೂರ ಮುಖಂಡ ಮುನಿನಾರಾಯಣಪ್ಪ ವೇದಿಕೆಯಿಂದಲೇ ಗುಡುಗಿದರು.

"ಆಟದಾಗೆ ರಾಜಕೀಯ ತರ್ಬೇಡಿ! ಟೀ ಶರ್ಟ್ ಉಲ್ಟಾ ಆಕ್ಕೊಳ್ಳಿ, ಇಲ್ಲಾಂದ್ರೆ ಆಚೆ ಓಗಿ."

ಎಲ್ಲರೂ ತೆಪ್ಪಗೆ ಉಲ್ಟಾ ಹಾಕಿಕೊಂಡರು. ಎದುರಾಳಿ ಬಾಗಲೂರು ತಂಡ. ಮೊದಲ ರೇಡ್ ಕಲಾವತಮ್ಮನದು. ರೇಡ್ ಹೋದವರು ಒಂದೇ ಉಸಿರಿನಲ್ಲಿ ಕಬಡ್ಡಿ ಎನ್ನುತ್ತಲೇ ಇರಬೇಕು. ಬೇರೆ ಮಾತು ಬಂದರೆ ಎದುರಾಳಿಗೆ ಒಂದು ಅಂಕ. ಅವರು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು, ಉಸಿರೆಳೆದು, ಗೆರೆ ದಾಟಿದರು.

"ಕಕ್ಕಸ್ ಕಕ್ಕಸ್ ಕಕ್ಕಸ್ ಕಕ್ಕಸ್..."

ವಿಸಿಲ್ ಊದಿದೆ. ಬಾಗಲೂರಿಗೆ ಒಂದು ಅಂಕ. ಜನ ಹೋ ಎಂದು ನಕ್ಕರು. ನನಗೆ ಮಾತ್ರ ಸಂಕಟ. "ಕಪ್ ಕೈ ಬಿಟ್ಟು ಹೋಗುತ್ತೆ ಕಣಮ್ಮ" ಎಂದೆ.

"ನನ್ನ ಪಾಯಿಂಟು, ನಾನ್ ಕಳ್ಕೊಂತೀನಿ ಬಿಡಿ ಸಾರ್."

ಈಗ ಬಾಗಲೂರಿನ ಗಜಾಲಾಳ ಸರದಿ. ಗೆರೆ ದಾಟಿದವಳು ಕಲಾವತಮ್ಮನ ಮುಖ ನೋಡಿ ನಕ್ಕಳು. "ಕಕ್ಕಸ್ ಕಕ್ಕಸ್ ಕಕ್ಕಸ್..." ಬಂದ ಅಂಕವನ್ನು ಹಾಗೇ ವಾಪಸ್ ಕೊಟ್ಟುಬಿಟ್ಟಳು! ಆಮೇಲೆ ಎರಡೂ ಕಡೆಯವರದ್ದು ಅದೇ ಪಾಠ. ಊದಿ ಊದಿ ನನ್ನ ಕೆನ್ನೆ ನೋಯಿತು. ಐದು, ಐದು.

"ಏಯ್ ವಾಸು, ನಿಲ್ಸಯ್ಯ ಇದನ್ನ!" ಮುನಿನಾರಾಯಣಪ್ಪ ಎದ್ದು ನಿಂತು ನನ್ನತ್ತ ಕೂಗಿದರು.

"ತಪ್ಪಿಗೆ ಒಂದು ಅಂಕ ಅಂತ ಇದೆ ಅಣ್ಣ, ಕೊಡ್ತಾ ಇದೀನಿ. ಬಾಯಿ ಮುಚ್ಚಿಸು ಅಂತ ರೂಲ್ಸ್‌ನಲ್ಲಿ ಎಲ್ಲೂ ಇಲ್ಲ."

ಅವತ್ತು ಆ ರೂಲ್ಸ್ ಪುಸ್ತಕದ ಮೇಲೆ ನನಗೆ ಎಂದೂ ಇಲ್ಲದ ಪ್ರೀತಿ ಬಂತು.

ಮುನಿನಾರಾಯಣಪ್ಪ ಮೈಕ್ ಹಿಡಿದರು. ಪಕ್ಕದಲ್ಲಿ ಬೆಳಿಗ್ಗೆಯಿಂದ ರೇಷ್ಮೆ ಸೀರೆಯಲ್ಲಿ ಸುಮ್ಮನೆ ಕೂತಿದ್ದ ಅವರ ಹೆಂಡತಿ ಸುಬ್ಬಲಕ್ಷ್ಮಮ್ಮ ಅದನ್ನು ಕಿತ್ತುಕೊಂಡರು.

"ರೀ, ಬೆಳಿಗ್ಗೆಯಿಂದ ಮೂರು ಎಳನೀರು ತಂದುಕೊಟ್ರು. ಒಂದೂ ಮುಟ್ಟಿಲ್ಲ ನಾನು. ಯಾಕೆ ಅಂತ ಒಂದ್ ಸಲ ಕೇಳಿದ್ರಾ?"

ಹೆಂಗಸರ ಕಡೆಯಿಂದ ಎದ್ದ ಚಪ್ಪಾಳೆಗೆ ಶಾಮಿಯಾನವೇ ಅದುರಿತು. ಮುನಿನಾರಾಯಣಪ್ಪ ಹಣೆ ಒರೆಸಿಕೊಂಡು, ಹೆಂಡತಿಯ ಮುಖ ನೋಡಿ, ಕೊನೆಗೆ ತಾವೂ ನಕ್ಕರು. "ಆಯ್ತು ಕಣ್ರವ್ವ, ಕಟ್ಟಿಸ್ತೀನಿ. ಈಗ್ಲಾದ್ರೂ ಕಬಡ್ಡಿ ಅನ್ನಿ!"

ಕಬಡ್ಡಿ ಅಂದರು. ಬಾಗಲೂರು ಎರಡು ಅಂಕಗಳಿಂದ ಗೆದ್ದಿತು. ಕಲಾವತಮ್ಮ ಕಪ್ಪನ್ನೊಮ್ಮೆ ಆಸೆಯಿಂದ ನೋಡಿ, ಗಜಾಲಾಳನ್ನು ಗಟ್ಟಿಯಾಗಿ ತಬ್ಬಿಕೊಂಡರು.

ಮೂರು ತಿಂಗಳಲ್ಲಿ ಕಕ್ಕಸು ಎದ್ದಿತು. ಅದರ ಬೀಗದ ಕೈ ಈಗ ಕಲಾವತಮ್ಮನ ಮನೆಯಲ್ಲಿ, ಟಿವಿ ಪಕ್ಕ ಇರುತ್ತದೆ.

ಕಳೆದ ಭಾನುವಾರ ಆಟ ಶುರುಮಾಡಲು ವಿಸಿಲ್ ಬಾಯಿಗಿಟ್ಟಿದ್ದೆ. ಕಲಾವತಮ್ಮ ನನ್ನೆದುರೇ ಒಂದು ಬಾಟಲಿ ನೀರು ಗಟಗಟ ಕುಡಿದು, ಜೋಯಾಳಿಗೂ ಕುಡಿಸಿ, "ಎರಡೇ ನಿಮಿಷ ಸಾರ್" ಎಂದು ಬೀಗದ ಕೈ ಆಡಿಸುತ್ತಾ ಹೊರಟರು. ರೂಲ್ಸ್‌ನಲ್ಲಿ ಅದಕ್ಕೆ ಸಮಯವಿಲ್ಲ. ವಿಸಿಲ್ ಜೇಬಿಗೆ ಹಾಕಿಕೊಂಡು ಕಾದೆ.