ಸಂತಪುರದ ಟೀಚರಿಗೆ ನಾನು ಕೊಟ್ಟ ಸರ್ಟಿಫಿಕೇಟು

ಬೀದರಿನ ಚೌಬಾರಾ ಗೋಪುರದಿಂದ ಸ್ವಲ್ಪ ಒಳಗೆ, ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನಾನು ಬಹಳ ವರ್ಷ ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆಸಿದೆ. ಮನೆ ಭಾಲ್ಕಿಯಲ್ಲಿ. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ವಾಪಸಾಗುತ್ತಿದ್ದೆ. ಜನ ಮೊಬೈಲಿನಲ್ಲೇ ಇಂಗ್ಲಿಷ್ ಕಲಿಯತೊಡಗಿದ ಮೇಲೆ ನನ್ನ ಬೆಂಚುಗಳು ಖಾಲಿಯಾದವು. ಅದೇ ಹೊತ್ತಿಗೆ ಹೊರಗಿನ ಕಂಪನಿಯೊಂದರವರು ಫೋನು ಮಾಡಿ, ಇಂಗ್ಲಿಷ್ ಕಲಿಸುವವರಿಗೆ ಒಂದು ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸಿದೆ, ನಿಮ್ಮ ಊರಿನಲ್ಲಿ ನೀವು ನಡೆಸಿ ಎಂದರು. ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ‘ಹೊರದೇಶದಲ್ಲಿ ಇಂಗ್ಲಿಷ್ ಶಿಕ್ಷಕರಾಗಿ’ ಎಂದು ಬೋರ್ಡು ಬರೆಸಿದೆ. ಹೊರದೇಶವನ್ನು ನಾನೇ ಕಂಡವನಲ್ಲ.

ಆ ಬೋರ್ಡು ನೋಡಿ ಮೆಟ್ಟಿಲು ಹತ್ತಿ ಬಂದವರಲ್ಲಿ ಸಂತಪುರದ ಟೀಚರೊಬ್ಬರಿದ್ದರು. ವಯಸ್ಸು ಮೂವತ್ತೆಂಟರ ಆಸುಪಾಸು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಒಬ್ಬಳು ಮಗಳು, ಜೊತೆಗೆ ತಾಯಿ. ಬಿ.ಎಡ್ ಮುಗಿಸಿ ಔರಾದಿನ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಆ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿ, ಬರುವ ವರ್ಷ ಮುಚ್ಚುವ ಮಾತು ನಡೆದಿತ್ತು. ಸರ್ಕಾರಿ ನೌಕರಿಯ ವಯಸ್ಸು ದಾಟುತ್ತಿತ್ತು. ಕುರ್ಚಿಯ ತುದಿಯಲ್ಲಿ ಕುಳಿತು ಅವರು ಕೇಳಿದ್ದು ಒಂದೇ ಪ್ರಶ್ನೆ.

“ಸರ್, ಈ ಸರ್ಟಿಫಿಕೇಟ್ ತಗೊಂಡ್ರ ಹೊರದೇಶದಾಗ ನೌಕರಿ ಸಿಗ್ತದೇನ್ರಿ?”

“ಸಿಗ್ತದ್ರಿ ಮೇಡಂ. ಎಲ್ಲಾ ದೇಶದಾಗ ನಡೀತದ,” ಎಂದೆ. ಕಂಪನಿಯವರು ಕಳಿಸಿದ ಕಾಗದದಲ್ಲಿ ಹಾಗೇ ಇತ್ತು. ನಾನು ಅದನ್ನು ಓದಿದ್ದೆ, ಅಷ್ಟೆ.

ಅವರು ದಿನವಿಡೀ ಶಾಲೆಯಲ್ಲಿ ನಿಂತು, ಮನೆಗೆ ಹೋಗಿ, ಮೊಬೈಲಿನಲ್ಲಿ ಪಾಠಗಳನ್ನು ಮುಗಿಸಿದರು. ಸರ್ಟಿಫಿಕೇಟು ಬಂದ ದಿನ ಪೇಡಾ ತಂದು ಕೊಟ್ಟರು. ಅಲ್ಲಿಂದ ಪ್ರತಿ ಭಾನುವಾರ ಸಂತಪುರದಿಂದ ಬಸ್ಸು ಹಿಡಿದು ಬರತೊಡಗಿದರು. ನಾನು ಕಂಪ್ಯೂಟರಿನ ಮುಂದೆ ಕೂಡುತ್ತಿದ್ದೆ, ಅವರು ಪಕ್ಕದಲ್ಲಿ. ಥಾಯ್ಲೆಂಡ್, ವಿಯೆಟ್ನಾಂ, ಒಮಾನ್, ಚೀನಾ, ಎಲ್ಲಿ ಜಾಹೀರಾತು ಕಂಡರೂ ಅರ್ಜಿ ಹಾಕುತ್ತಿದ್ದೆವು. ಸರ್ಟಿಫಿಕೇಟನ್ನು ಎಲ್ಲಕ್ಕಿಂತ ಮೇಲೆ ಇಡುತ್ತಿದ್ದೆವು. ಹೆಚ್ಚಿನ ಕಡೆಯಿಂದ ಉತ್ತರವೇ ಬರುತ್ತಿರಲಿಲ್ಲ.

ಒಂದು ಸೋಮವಾರ ಉತ್ತರ ಬಂತು. ಥಾಯ್ಲೆಂಡಿನ ಒಂದು ಏಜೆನ್ಸಿ ಮರ್ಯಾದೆಯಿಂದಲೇ ಬರೆದಿತ್ತು. ಇಂಗ್ಲಿಷನ್ನೇ ಮಾತೃಭಾಷೆಯಾಗಿ ಆಡುವ ಕೆಲವು ದೇಶಗಳ ಪಾಸ್‌ಪೋರ್ಟ್ ಇದ್ದವರನ್ನು ಮಾತ್ರ ತೆಗೆದುಕೊಳ್ಳುತ್ತೇವೆ, ತರಗತಿಯಲ್ಲಿ ಪಾಠ ಮಾಡಿಸಿ ನೋಡದ ಆನ್‌ಲೈನ್ ಸರ್ಟಿಫಿಕೇಟಿಗೆ ನಾವು ಬೆಲೆ ಕೊಡುವುದಿಲ್ಲ, ನಿಮ್ಮ ಬಿ.ಎಡ್ ಮತ್ತು ಅನುಭವಕ್ಕೆ ಬೇರೆ ಕಡೆ ಬೆಲೆ ಇದೆ, ಅಲ್ಲಿ ಪ್ರಯತ್ನಿಸಿ ಎಂದಿತ್ತು. ಅದನ್ನು ಎರಡು ಸಲ ಓದಿದೆ. ಭಾನುವಾರ ಅವರು ಬಂದು ಏನಾಯಿತು ಎಂದಾಗ, ಅಲ್ಲಿ ಜಾಗ ತುಂಬಿದೆಯಂತೆ ಎಂದುಬಿಟ್ಟೆ. ಪತ್ರ ತೋರಿಸಲಿಲ್ಲ.

ಆಮೇಲೆ ನನಗೆ ನೆಮ್ಮದಿ ಉಳಿಯಲಿಲ್ಲ. ಕಂಪನಿಗೆ ಫೋನು ಮಾಡಿ ಜಗಳವಾಡಿದೆ. ನಾವು ಕೋರ್ಸ್ ಕೊಡುತ್ತೇವೆ, ನೌಕರಿ ಕೊಡಿಸುತ್ತೇವೆಂದು ಎಲ್ಲಿ ಬರೆದಿದ್ದೇವೆ ಎಂದರು. ನಾನೇ ಗುಟ್ಟಾಗಿ ಆ ಕೋರ್ಸಿನ ಹೆಸರು ಹಾಕಿ ನಾಲ್ಕಾರು ಕಡೆ ಅರ್ಜಿ ಹಾಕಿ ನೋಡಿದೆ. ಯಾರೂ ಕ್ಯಾರೇ ಅನ್ನಲಿಲ್ಲ. ಭಾನುವಾರ ಬಂತೆಂದರೆ ಬಾಗಿಲಿಗೆ ಬೀಗ ಹಾಕಿ ಭಾಲ್ಕಿಯಲ್ಲೇ ಉಳಿದುಬಿಡೋಣ ಎಂದು ಎಷ್ಟೋ ಸಲ ಅನ್ನಿಸಿತು. ಅವರ ಶಾಲೆ ಮುಚ್ಚುವುದು ಖಚಿತವಾಗಿತ್ತು.

ಕೊನೆಗೆ ಮಾಲ್ಡೀವ್ಸಿನ ಒಂದು ಶಾಲೆ ಅವರ ಪಾಠದ ವಿಡಿಯೋ ಕೇಳಿತು. ಅದನ್ನು ಮಾಡಲು ನಾನೇ ಔರಾದಿಗೆ ಹೋದೆ. ತಗಡಿನ ಚಾವಣಿಯ ಕೆಳಗೆ ಐದನೇ ತರಗತಿ. ಅವರು ಮಕ್ಕಳಿಗೆ ಬುತ್ತಿ ಡಬ್ಬಿ ಹೊರಗೆ ತೆಗೆಯಲು ಹೇಳಿ, ಒಬ್ಬರನ್ನೊಬ್ಬರು ‘ನೀನು ಏನು ತಂದಿದ್ದಿ’ ಎಂದು ಇಂಗ್ಲಿಷಿನಲ್ಲಿ ಕೇಳುವಂತೆ ಮಾಡಿದರು. ಮನೆಯಲ್ಲಿ ಒಬ್ಬರು ಕನ್ನಡ, ಒಬ್ಬರು ಮರಾಠಿ, ಒಬ್ಬರು ದಖನಿ ಉರ್ದು ಆಡುವ ಮಕ್ಕಳು. ರೊಟ್ಟಿ, ಪುಂಡಿಪಲ್ಯ ಎನ್ನುವುದನ್ನು ಹಾಗೇ ಬಿಟ್ಟು, ಉಳಿದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಆಡುತ್ತಿದ್ದರು. ತಪ್ಪಾಡಿದ ಮಗುವನ್ನು ಅವರು ತಿದ್ದಲಿಲ್ಲ. ಅದೇ ಮಾತನ್ನು ತಾವು ಸರಿಯಾಗಿ ಆಡಿ ಮುಂದೆ ಹೋದರು, ಮಗು ತಾನೇ ತಿದ್ದಿಕೊಂಡಿತು. ಮೊಬೈಲು ಹಿಡಿದು ನಿಂತ ನನಗೆ ನಾಚಿಕೆಯಾಯಿತು. ಇವರಿಗೆ ಕಲಿಸುವುದನ್ನು ಕಲಿಸಿದೆನೆಂದು ನಾನು ಸರ್ಟಿಫಿಕೇಟು ಕೊಟ್ಟಿದ್ದೆ.

ವಿಡಿಯೋ ನೋಡಿದ ಶಾಲೆಯವರು ನನ್ನ ಕೋಣೆಯ ಕಂಪ್ಯೂಟರಿನ ಮೂಲಕವೇ ಅವರ ಸಂದರ್ಶನ ಮಾಡಿದರು. ಇಂಗ್ಲಿಷೇ ಬಾರದ ಮಗುವಿಗೆ ಮೊದಲ ವಾರ ಏನು ಮಾಡುತ್ತೀರಿ ಎಂದು ಕೇಳಿದರು. ಟೀಚರು ತಡವರಿಸದೆ ಹೇಳಿದರು. ನಮ್ಮ ಸರ್ಟಿಫಿಕೇಟಿನ ಮಾತು ಒಮ್ಮೆಯೂ ಬರಲಿಲ್ಲ. ಎರಡು ದಿನ ಬಿಟ್ಟು, ಆಯ್ಕೆಯಾಗಿದೆ ಎಂಬ ಪತ್ರ ಬಂತು. ಬಿ.ಎಡ್ ಪದವಿಯ ಮೂಲ ಪ್ರಮಾಣಪತ್ರ ಬೇಕು, ಅದಕ್ಕೆ ಸರ್ಕಾರದ ದೃಢೀಕರಣ ಮಾಡಿಸಿ ಬೇಗ ಕಳಿಸಿ ಎಂದಿತ್ತು.

ಟೀಚರು ಪ್ಲಾಸ್ಟಿಕ್ ಫೈಲು ತೆರೆದು ಹಾಳೆ ತಿರುವಿದರು. ಮತ್ತೆ ತಿರುವಿದರು.

“ಮಾರ್ಕ್ಸ್ ಕಾರ್ಡ್ ಅಷ್ಟೇ ಅದಾವ್ರಿ. ಪದವಿ ಕಾಗದ ನಾ ತಗೊಂಡೇ ಇಲ್ಲ. ಆಗ ಮಗಳು ಹೊಟ್ಯಾಗಿದ್ದಳು, ಓಡಾಡೋದು ಆಗಲಿಲ್ಲ. ಇಲ್ಲಿ ಶಾಲ್ಯಾಗ ಯಾರೂ ಕೇಳಲಿಲ್ಲ.”

ಅಷ್ಟು ಭಾನುವಾರ ಪಕ್ಕದಲ್ಲಿ ಕುಳಿತಿದ್ದರೂ ನಾನೂ ಕೇಳಿರಲಿಲ್ಲ. ಮರುದಿನವೇ ಅವರು ಕಲಬುರಗಿಗೆ ಹೋಗಿ ವಿಶ್ವವಿದ್ಯಾಲಯದಲ್ಲಿ ಅರ್ಜಿ ಕೊಟ್ಟರು. ಹಳೆಯ ದಾಖಲೆ ತೆಗೆದು, ಪರಿಶೀಲಿಸಿ, ಅಚ್ಚು ಮಾಡಿ ಕೊಡಲು ಹಿಡಿಯುವಷ್ಟು ಕಾಲ ಹಿಡಿಯಿತು. ಅದಾದ ಮೇಲೆ ದೃಢೀಕರಣ. ಮಾಲ್ಡೀವ್ಸಿನ ಶಾಲೆಯವರು ಮೂರು ವಾರ ಕಾದರು. ಆಮೇಲೆ ಬೇರೊಬ್ಬರನ್ನು ತೆಗೆದುಕೊಂಡೆವು, ಮನ್ನಿಸಿ ಎಂದು ಬರೆದರು.

ಆ ಭಾನುವಾರ ನಾನು ಥಾಯ್ಲೆಂಡಿನ ಪತ್ರವನ್ನು ಅವರ ಮುಂದಿಟ್ಟೆ. ಇನ್ನು ಬಚ್ಚಿಡುವ ಶಕ್ತಿ ಇರಲಿಲ್ಲ. ಅವರು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಬಿ.ಎಡ್ ಎಂದಿದ್ದಲ್ಲಿ ಬೆರಳು ನಿಂತಿತು. ಮೇಲಿನ ದಿನಾಂಕ ನೋಡಿದರು. ಐದು ತಿಂಗಳ ಹಿಂದಿನದು.

“ಇದು ಆವಾಗೇ ತೋರಿಸಿದ್ರ ನಾ ಆವಾಗೇ ಪದವಿ ಕಾಗದ ತೆಗಸ್ತಿದ್ದೆ ಸರ್,” ಎಂದರು.

ದನಿ ಏರಿರಲಿಲ್ಲ. ತಪ್ಪಾಯಿತು ಎಂದು ನಾನು ಹೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ. ಫೈಲನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು. ನಾನು ಕೆಳಗೆ ಹೋಗಿ ತಡೆಯಬಹುದಿತ್ತು, ಆದರೆ ತಡೆದು ಏನು ಹೇಳಲಿ?

ಆ ಕೋರ್ಸನ್ನು ನಿಲ್ಲಿಸಿದೆ. ಔರಾದಿನ ಶಾಲೆ ಮುಚ್ಚಿತು. ಟೀಚರು ಈಗ ಭಾಲ್ಕಿಯ ಒಂದು ಶಾಲೆಯಲ್ಲಿ ಒಂದನೇ ತರಗತಿಗೆ ಅಕ್ಷರ ಕಲಿಸುತ್ತಾರೆಂದು ಬಸ್ಸಿನಲ್ಲಿ ಯಾರೋ ಹೇಳಿದರು. ನಮ್ಮ ಮನೆಯಿಂದ ಅದು ನಡೆದು ಹೋಗುವಷ್ಟು ದೂರ. ನಾನು ಆ ದಾರಿ ಬಿಟ್ಟು ಸುತ್ತಿಕೊಂಡು ಹೋಗುತ್ತೇನೆ.

ಮೊನ್ನೆ ಒಮಾನಿನ ಒಂದು ಶಾಲೆಯ ಜಾಹೀರಾತು ಕಣ್ಣಿಗೆ ಬಿತ್ತು. ಬಿ.ಎಡ್ ಆದ ಭಾರತೀಯ ಶಿಕ್ಷಕರೇ ಬೇಕೆಂದಿತ್ತು. ಧೈರ್ಯ ಮಾಡಿ ಟೀಚರಿಗೆ ಫೋನು ಹಚ್ಚಿದೆ. ಅವರು ಎತ್ತಿದರು. ಪದವಿ ಕಾಗದ ಕೈಗೆ ಬಂದಿದೆ, ಆ ಜಾಹೀರಾತನ್ನು ನಾನೂ ನೋಡಿದ್ದೇನೆ ಎಂದರು. ಅರ್ಜಿ ತುಂಬಲು ನಾನು ಬರಲೇ ಎಂದು ಕೇಳಿದೆ.

“ಬ್ಯಾಡ್ರಿ ಸರ್. ಈ ಸಲ ನಾನೇ ಹಾಕ್ತೇನಿ,” ಎಂದರು.