ಅಜ್ಜ ಬಾಯಿ ತೆರೆಯದ ಕಾರಣ

“ಅಜ್ಜ ಬಾಯಿ ತೆಗೀವಲ್ಲ. ಮೂಗಿನಾಗ ಪೈಪ್ ಹಾಕ್ಬೇಕಂತ, ಹಿಡ್ಕೊಳ್ಳಾಕ ಬಾರವ್ವ,” ಎಂದು ಹಿರಿಯ ಸಿಸ್ಟರ್ ನನ್ನನ್ನು ಹೆರಿಗೆ ವಾರ್ಡಿನಿಂದ ಕರೆದೊಯ್ದರು. ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು. ಅದರ ಮೇಲೆ ವೃದ್ಧರ ಆರೈಕೆಯ ಕೋರ್ಸನ್ನೂ ಮುಗಿಸಿದ್ದೆ. ಹಾಗಾಗಿ ಹೆರಿಗೆ ವಾರ್ಡಿಗೆ ಹಾಕಿದ್ದರು.

ಬಂಡ್ರಿಯ ಆ ಅಜ್ಜ ಜ್ವರ ಇಳಿದರೂ ಊಟ ಮಾಡುತ್ತಿರಲಿಲ್ಲ. ಸೊಸೆ ಗಂಜಿ ಹಿಡಿದರೆ ಟವೆಲನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಸೊಸೆಯನ್ನು ಚಹಾ ಕುಡಿದು ಬರಲು ಕಳಿಸಿ, ಪರದೆ ಎಳೆದೆ. ಅಜ್ಜ ತಾವಾಗಿಯೇ ಟವೆಲ್ ತೆಗೆದರು. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ.

“ಕಟ್ಟಿಸಿದ ಹಲ್ಲು ಮನ್ಯಾಗ ಉಳದಾವವ್ವ. ಬೊಚ್ಚುಬಾಯಿ ಸೊಸಿ ಮುಂದ ಹೆಂಗ ತೆಗೀಲಿ?”

ಮಗ ಬೈಕಿನಲ್ಲಿ ಹೋಗಿ ಹಲ್ಲು ತಂದ. ಅಜ್ಜ ಗಂಜಿ ಬಿಟ್ಟು ರೊಟ್ಟಿ ಕೇಳಿದರು. ತಿನ್ನುತ್ತಾ ನನ್ನ ಓದನ್ನೂ ವಿಚಾರಿಸಿದರು.

“ಹಲ್ಲು ಹುಡುಕಾಕೂ ಕೋರ್ಸ್ ಐತೇನವ್ವ?”

“ಐತ್ರಿ ಅಜ್ಜಾರ. ಪಾಸಾಗಿ ಬಂದೀನಿ.”

ಪೈಪು ಕಪಾಟಿಗೆ ಮರಳಿತು. ಈಗ ವಯಸ್ಸಾದವರು ಯಾರೇ ದಾಖಲಾದರೂ ಮೊದಲು ನನಗೆ ಕರೆ ಬರುತ್ತದೆ. ಕಂಪ್ಲಿಯಿಂದ ಬರುವ ಇಬ್ಬರು ಸಿಸ್ಟರ್‌ಗಳು, ಇದನ್ನೆಲ್ಲ ಎಲ್ಲಿ ಕಲಿಸುತ್ತಾರೆ ಎಂದು ವಿಳಾಸ ಬರೆಸಿಕೊಂಡಿದ್ದಾರೆ.