ಹಾಲಿನ ವ್ಯಾನು ಹತ್ತಿದ ಅಕ್ಕ

ಅಕ್ಕನ ಮೂಗು ಸುಳ್ಳು ಹೇಳಿರಲಿಲ್ಲ ಎಂದು ನಾಲ್ಕು ಜನರ ಮುಂದೆ ನಾನು ಹೇಳಬೇಕಿತ್ತು. ವರ್ಷಗಟ್ಟಲೆ ಹೇಳಲಿಲ್ಲ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬಾಬುರಾಯನಕೊಪ್ಪಲಿನ ಗ್ಯಾರೇಜಿನಲ್ಲಿ ಕೆಲಸ ಕಲಿತವನು ನಾನು. ಗುಜರಿಗೆ ಹೊರಟಿದ್ದ, ನನಗಿಂತ ವಯಸ್ಸಾದ ಕಾರೊಂದನ್ನು ರಿಪೇರಿ ಮಾಡಿ ಓಡಿಸುತ್ತಿದ್ದೆ. ತೊಂಬತ್ತರ ದಶಕದ ನಡುವೆ, ಅಕ್ಕನನ್ನು ಚೊಚ್ಚಲ ಹೆರಿಗೆಗೆಂದು ಪಾಂಡವಪುರದ ಗಂಡನ ಮನೆಯಿಂದ ಬೂಕನಕೆರೆಯ ನಮ್ಮ ಮನೆಗೆ ಕರೆತರಲು ಅದರಲ್ಲೇ ಹೋದೆ. ಬಸ್ಸಿನಲ್ಲಿ ಕರೆತಂದರೆ ನನ್ನ ಅಂತಸ್ತು ಏನಾಗಬೇಕು.

ಚಿನಕುರಳಿ ದಾಟುವಷ್ಟರಲ್ಲಿ ಅಕ್ಕ ಮೂಗಿಗೆ ಸೆರಗು ಹಿಡಿದಳು.

"ಲೋ, ಪೆಟ್ರೋಲ್ ವಾಸ್ನೆ ಬತ್ತಾದೆ ಕಣ್ಲಾ."

ಎಂಜಿನ್ ನಿಲ್ಲಿಸಿ ಬಾನೆಟ್ ಎತ್ತಿದೆ. ಎಂಜಿನ್ನಿಗೆ ಪೆಟ್ರೋಲು ಉಣಿಸುವ ಕಾರ್ಬೊರೇಟರ್ ಸೋರುತ್ತದೋ ಇಲ್ಲವೋ ಎಂಜಿನ್ ಓಡುವಾಗ ನೋಡಬೇಕು. ನಿಲ್ಲಿಸಿದರೆ ಅದಕ್ಕೆ ಪೆಟ್ರೋಲು ತಳ್ಳುವ ಪಂಪೂ ನಿಲ್ಲುತ್ತದೆ, ಇದ್ದ ಒದ್ದೆ ಬಿಸಿಗೆ ಆರುತ್ತದೆ. ಗ್ಯಾರೇಜಿನಲ್ಲಿ ಇದನ್ನು ಬೇರೆಯವರಿಗೆ ಹೇಳಿಕೊಡುತ್ತಿದ್ದವನು ನಾನೇ.

"ನೋಡು, ಒಂದ್ ತೊಟ್ಟಿಲ್ಲ. ಬಸ್ರಿ ಮೂಗ್ಗೆ ಇಲ್ದಿದ್ದೂ ನಾರ್ತದೆ ಬುಡಕ್ಕ."

"ನಿನ್ ಕಾರು ನೀನೇ ಮಡಿಕ. ನಾನ್ ಬರಕಿಲ್ಲ."

ಹಿಂದೆ ಬರುತ್ತಿದ್ದ ಹಾಲಿನ ವ್ಯಾನಿಗೆ ಕೈ ಅಡ್ಡ ಹಿಡಿದು ಹತ್ತಿಯೇಬಿಟ್ಟಳು. ನಾನು ಊರು ಸೇರುವಷ್ಟರಲ್ಲಿ, ಕೈತುಂಬ ಹಸಿರು ಬಳೆ ತೊಟ್ಟ ಬಸುರಿ ಹಾಲಿನ ಕ್ಯಾನುಗಳ ನಡುವಿನಿಂದ ಇಳಿದದ್ದನ್ನು ಬೀದಿಯೆಲ್ಲ ನೋಡಿಯಾಗಿತ್ತು.

"ಕಾರ್ ಬುಟ್ಟು ಆಲಿನ ವ್ಯಾನ್ ಅತ್ಕ ಬಂದವ್ಳಲ್ಲ, ಮಾನ ತೆಗುದ್ಬುಟ್ಲು," ಅವ್ವ ಬೈಯುತ್ತಿದ್ದಳು.

ನಾನು ದೊಡ್ಡ ಮನಸ್ಸು ಮಾಡಿ, "ಬೈಬ್ಯಾಡ ಬುಡವ್ವ, ಬಸ್ರಿ ಎಂಗ್ಸು," ಎಂದೆ.

ಆ ವಾರದ ಸಂತೆ ಬರುವುದರೊಳಗೆ ಕಾರ್ಬೊರೇಟರ್ ಬಿಚ್ಚಿದೆ. ಅದರ ಬಟ್ಟಲಿನಲ್ಲಿ ಒಂದು ಟೊಳ್ಳು ಹಿತ್ತಾಳೆ ಬುಂಡೆ ತೇಲುತ್ತಿರುತ್ತದೆ. ಪೆಟ್ರೋಲು ತುಂಬಿದಾಗ ಮೇಲೆದ್ದು ಒಳಬರುವ ದಾರಿ ಮುಚ್ಚುವುದು ಅದರ ಕೆಲಸ. ತೆಂಗಿನಕಾಯಿ ಆರಿಸುವವರಂತೆ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಗುಳುಗುಳು ಎಂದಿತು. ಬುಂಡೆ ತೂತಾಗಿ, ಪೆಟ್ರೋಲು ಕುಡಿದು ಮುಳುಗಿತ್ತು. ಬಟ್ಟಲು ತುಂಬಿ ಕಾದ ಎಂಜಿನ್ ಮೇಲೆ ಚೆಲ್ಲುತ್ತಿತ್ತು. ಬೇರೆ ಬುಂಡೆ ಹಾಕಿದೆ. ಯಾರಿಗೂ ಹೇಳಲಿಲ್ಲ.

ಬಾಣಂತನ ಮುಗಿಸಿದ ಅಕ್ಕನನ್ನೂ ಮಗುವನ್ನೂ ಅದೇ ಕಾರಿನಲ್ಲಿ ಪಾಂಡವಪುರಕ್ಕೆ ಬಿಟ್ಟೆ.

"ಈಗ ವಾಸ್ನೆ ಅದಾ?"

"ಇಲ್ಲ ಕಣೊ."

"ನೋಡ್ದಾ," ಎಂದೆ.

ಅಂದಿನಿಂದ ನೆಂಟರು ಸೇರಿದಲ್ಲೆಲ್ಲ ಆ ಹಾಲಿನ ವ್ಯಾನು ಮಾತಿಗೆ ಬರುತ್ತಿತ್ತು. ಹೆಚ್ಚಾಗಿ ನಾನೇ ತರುತ್ತಿದ್ದೆ.

ಅಕ್ಕನ ಮಗಳು ಶಾಲೆಗೆ ಸೇರಿದ ವರ್ಷ ಕೆ.ಆರ್.ಪೇಟೆಯಲ್ಲಿ ಒಂದು ಬೀಗರೂಟ. ಪಂಕ್ತಿಯಲ್ಲಿ ಕೂತು ಅಕ್ಕನೇ ಮಗಳಿಗೆ ಹೇಳುತ್ತಿದ್ದಳು: "ನೀನ್ ಒಟ್ಟೇಲಿದ್ದಾಗ ಇಲ್ದಿದ್ ವಾಸ್ನೆಗೆ ಎದ್ರಿ ಆಲಿನ ವ್ಯಾನ್ ಅತ್ತಿದ್ದೆ ಕಣವ್ವ. ನಂದು ಅಂತಾ ಮೂಗು."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಮುದ್ದೆ ಮುರಿಯುತ್ತಿದ್ದ ನನ್ನ ಕೈ ನಿಂತಿತು.

"ವಾಸ್ನೆ ಇತ್ತು ಕಣಕ್ಕ," ಎಂದೆ, ಪಂಕ್ತಿಗೆಲ್ಲ ಕೇಳುವಂತೆ. "ಕಾರು ಸೋರ್ತಿತ್ತು. ಆ ವಾರುದ್ ಸಂತೆ ಒಳಗೇ ನಂಗೊತ್ತಾಗಿತ್ತು. ಬಾಯ್ ಬುಡ್ನಿಲ್ಲ. ತಪ್ಪಾಯ್ತು ಕಣಕ್ಕ."